ಇಸ್ತ್ರಿ ಕೋಣೆಯ ಇಂಗ್ಲಿಷ್ ಪರೀಕ್ಷೆ

ಆ ದಿನ ಬೆಳಗ್ಗೆ ಮೋಡ ಕವಿದುಕೊಂಡಿತ್ತು. ಮಳೆ ಬರುವ ಹಾಗೂ ಇರಲಿಲ್ಲ, ಬಿಸಿಲು ಬೀಳುವ ಹಾಗೂ ಇರಲಿಲ್ಲ. ಗಾಳಿಯಂತೂ ಒಂದೆಲೆಯನ್ನೂ ಅಲುಗಿಸುವ ಮನಸ್ಸು ಮಾಡಿರಲಿಲ್ಲ. ಬಟ್ಟೆ ಒಗೆದು ಬದುಕುವವರ ಪಾಲಿಗೆ ಇಂಥ ಬೆಳಗು ಸುಮ್ಮನೆ ಬಂದು ಕೂತ ನೆಂಟನ ಹಾಗೆ. ಬಂದ ಕಾರಣ ಹೇಳುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಲಾಂಡ್ರಿಯ ಮಾಳಿಗೆಯಲ್ಲಿ ತಂತಿಯುದ್ದಕ್ಕೂ ಹರವಿದ್ದ ಬಿಳಿ ಹಾಸುಗಳು ಮುಖ ಊದಿಸಿಕೊಂಡು ಜೋತುಬಿದ್ದಿದ್ದವು. ಆದರೆ ಕೆಳಗೆ ಇಸ್ತ್ರಿ ಕೋಣೆಯಲ್ಲಿ ಯಾರಿಗೂ ಆಕಾಶದ ಚಿಂತೆಯಿರಲಿಲ್ಲ. ಗೋಡೆಗೆ ಅಂಟಿಸಿದ್ದ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತ ಎಲ್ಲರೂ ತುಟಿ ಅಲುಗಿಸುತ್ತಿದ್ದರು. ಅಂದು ಪರೀಕ್ಷೆ.

ಆ ಲಾಂಡ್ರಿಗೆ ಬರುತ್ತಿದ್ದುದು ಮನೆಗಳ ಬಟ್ಟೆಯಲ್ಲ. ಆಸ್ಪತ್ರೆಗಳ ಹಾಸು, ಹೋಟೆಲುಗಳ ದಿಂಬಿನ ಚೀಲ, ಅಡುಗೆಯವರ ಬಿಳಿ ಕೋಟು, ಎಲ್ಲವೂ ಗಂಟುಗಟ್ಟಲೆ. ಕೆಳಗಿನ ಅಂತಸ್ತಿನಲ್ಲಿ ಒಗೆಯುವ ಕೋಣೆ. ಅಲ್ಲಿ ಕೆಲಸ ಮುಗಿಯುವವರೆಗೂ ಕಾಲಡಿ ನೀರು. ಅದರ ಮೇಲೆ ಇಸ್ತ್ರಿ ಕೋಣೆ. ಅಲ್ಲಿ ಒಣಗಿದ ನೆಲ, ಬೆಚ್ಚನೆಯ ಗಾಳಿ. ಮೆಟ್ಟಿಲು ಹತ್ತಿ ಬಂದವರು ಯಾರೂ ಇಳಿದು ಹೋಗಲು ಬಯಸುತ್ತಿರಲಿಲ್ಲ.

ಇಸ್ತ್ರಿ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ನೀರಿನಲ್ಲಿ ನಿಂತು ನಿಂತು ಅವಳ ಮಂಡಿಗಳು ಹಿಡಿದುಹೋದ ಮೇಲೆ ಹಳೆಯ ಯಜಮಾನರು ಅವಳನ್ನು ಮೇಲಕ್ಕೆ ಕಳಿಸಿದ್ದರು. ಯಾವ ಬಟ್ಟೆಗೆ ಎಷ್ಟು ಕಾವು, ಯಾವುದಕ್ಕೆ ಗಂಜಿ, ಯಾವುದನ್ನು ಒಳಮಗ್ಗುಲಿಗೆ ತಿರುವಿ ತೀಡಬೇಕು ಎಂಬುದನ್ನೆಲ್ಲ ಅವಳು ಕೂಗದೆ, ಗದರದೆ ನಡೆಸಿಕೊಂಡು ಬಂದಿದ್ದಳು. ಬೆಳಗ್ಗೆ ಇಸ್ತ್ರಿಪೆಟ್ಟಿಗೆಗೆ ಕೈಯಿಡುವ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆದರೆ ಆಯಿತು, ಅವಳ ದಿನ ತಾನಾಗಿ ಸಾಗುತ್ತಿತ್ತು.

ಹೊಸ ಮ್ಯಾನೇಜರ್ ಬಂದ ಮೇಲೆ ಗೋಡೆಯ ಮೇಲೊಂದು ನೋಟೀಸು ಬಿತ್ತು. ಇಸ್ತ್ರಿ ಕೋಣೆಯನ್ನು ನೋಡಿಕೊಳ್ಳುವವರು ಇನ್ನು ಮುಂದೆ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯತಕ್ಕದ್ದು. ಅದಕ್ಕಾಗಿ ಪಾಠ ನಡೆಯುತ್ತದೆ. ಪಾಠದ ಕೊನೆಗೆ ಕೋಣೆಯವರಿಗೆಲ್ಲ ಪರೀಕ್ಷೆ. ಈಗ ನೋಡಿಕೊಳ್ಳುತ್ತಿರುವವರು ಪಾಸಾಗದಿದ್ದರೆ ಒಗೆಯುವ ಕೋಣೆಗೆ ಇಳಿಯತಕ್ಕದ್ದು, ಅವರ ಜಾಗ ಎಲ್ಲರಿಗಿಂತ ಹೆಚ್ಚು ಮಾರ್ಕು ಬಂದವರಿಗೆ. ಇಂಗ್ಲಿಷಿನ ಆ ನೋಟೀಸು ಮೊದಲಿಂದ ಕೊನೆಯವರೆಗೂ ದೊಡ್ಡಕ್ಷರಗಳಲ್ಲೇ ಇತ್ತು. ಒಂದೊಂದು ವಾಕ್ಯದ ತುದಿಗೂ ಮೂರು ಮೂರು ಆಶ್ಚರ್ಯಸೂಚಕ ಚಿಹ್ನೆ ಕಾವಲು ನಿಂತಿದ್ದವು. ಯಾವ ಪದಕ್ಕೆ ದೊಡ್ಡಕ್ಷರ, ಯಾವುದಕ್ಕೆ ಸಣ್ಣದು, ಎಲ್ಲಿ ಯಾವ ಚಿಹ್ನೆ ಎಂದು ಕಲಿಸಲು ಬಂದ ಮೇಷ್ಟ್ರು ಅದನ್ನು ಓದಿ, "ಚೆನ್ನಾಗಿದೆ ಸರ್," ಅಂದರು. ಸಂಬಳ ಕೊಡುವವರ ವಾಕ್ಯಕ್ಕೆ ಕೆಂಪು ಮಸಿ ತಾಗಿಸಬಾರದೆಂಬ ನಿಯಮ ಯಾವ ವ್ಯಾಕರಣದಲ್ಲೂ ಇಲ್ಲ. ಆದರೂ ಅದನ್ನು ತಪ್ಪದೆ ಪಾಲಿಸದ ಮೇಷ್ಟ್ರುಗಳು ಕಡಿಮೆ.

ಈ ಮೇಷ್ಟ್ರು ಬೇರೆ ಯಾರೂ ಅಲ್ಲ, ಅಕ್ಕನ ಸ್ವಂತ ಮೈದುನ. ಅಕ್ಕ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ತಾಯಿಯಿಲ್ಲದ ಹುಡುಗನೊಬ್ಬ ಮೂಲೆಯಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದ. ಅವನಿಗೆ ಊಟ ಹಾಕಿ, ಅಂಗಿ ತೊಡಿಸಿ, ಕಾಲೇಜು ದಾಟಿಸಿದವಳು ಅವಳು. ದೊಡ್ಡವನಾಗಿ ಅವನು ಹಲವು ಶಾಲೆಗಳಲ್ಲಿ ತಾತ್ಕಾಲಿಕ ಮೇಷ್ಟ್ರಾದ. ಖಾಯಂ ಎಂಬ ಪದ ಮಾತ್ರ ಅವನ ಹತ್ತಿರ ಸುಳಿಯಲಿಲ್ಲ. ಈಗ ಲಾಂಡ್ರಿಯ ಪಾಠವೂ ತಾತ್ಕಾಲಿಕವೇ. ಅಣ್ಣ ಅತ್ತಿಗೆಯ ಮನೆಯಲ್ಲೇ ವಾಸ. ಮನೆಯಲ್ಲಿ "ಏಯ್, ಕೈ ತೊಳ್ಕೊಂಡು ಬಾರೋ" ಅನ್ನುತ್ತಿದ್ದ ಅಕ್ಕ, ಕೋಣೆಯಲ್ಲಿ ಮಾತ್ರ ಸೆರಗು ಸರಿಮಾಡಿಕೊಂಡು "ಹೇಳಿ ಮೇಷ್ಟ್ರೇ" ಅನ್ನುತ್ತಿದ್ದಳು. ಅನ್ನುವಾಗ ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು.

ಪಾಠ ಊಟದ ಬಿಡುವಿನಲ್ಲಿ. ಇಸ್ತ್ರಿ ಮೇಜುಗಳೇ ಡೆಸ್ಕು, ಬಟ್ಟೆಯ ಗಂಟುಗಳೇ ಬೆಂಚು. ಮೊದಲ ವಾರವೇ ಮೇಷ್ಟ್ರಿಗೆ ಗಂಜಿಯಜ್ಜಿ ಗಂಟುಬಿದ್ದಳು. ಕಾಲರುಗಳಿಗೆ ಗಂಜಿ ಹಾಕುವ ಮುದುಕಿ ಅವಳು. ಬಟ್ಟೆಗೆ ಹಾಕಿ ಉಳಿದ ಬಿಗಿಯೆಲ್ಲ ಅವಳ ನಾಲಿಗೆಯಲ್ಲಿತ್ತು.

"ಪೂರ್ಣವಿರಾಮ ಅಂದ್ರೆ ವಾಕ್ಯ ಮುಗೀತು ಅಂತ. ಕಾಮಾ ಅಂದ್ರೆ ಮುಗಿದಿಲ್ಲ, ಸ್ವಲ್ಪ ನಿಲ್ಲಬೇಕು ಅಂತ," ಎಂದರು ಮೇಷ್ಟ್ರು.

"ನಿಲ್ಲೋದೇ ಆದ್ರೆ ಪೂರ್ತಿ ನಿಲ್ಲಬಾರದಾ? ಅರ್ಧ ನಿಲ್ಸಿ ಹೊರಡೋಕೆ ಇದೇನು ಬಸ್ಸಾ ಮೇಷ್ಟ್ರೇ?"

ಅಕ್ಕ ನಡುವೆ ಬಾಯಿ ಹಾಕಿದಳು. "ಅಜ್ಜಿ, ಕಾಲರ್ ತೀಡುವಾಗ ಮೂಲೆಗೆ ಬಂದು ಪೆಟ್ಟಿಗೇನ ಒಂಚೂರು ಎತ್ತಿ ತಿರುಗಿಸ್ತೀವಲ್ಲ, ಅದು ಕಾಮಾ. ಅಂಗಿ ಮುಗಿದ ಮೇಲೆ ಪೆಟ್ಟಿಗೇನ ನೆಟ್ಟಗೆ ನಿಲ್ಲಿಸ್ತೀವಲ್ಲ, ಅದು ಫುಲ್‌ಸ್ಟಾಪು."

"ಹಾಗೆ ಬಿಡಿಸಿ ಹೇಳು! ನಾನು ಸುಮ್ನೆ ಬಸ್‌ಸ್ಟಾಂಡಿಗೆ ಹೋಗ್ಬಿಟ್ಟಿದ್ದೆ."

ದೊಡ್ಡಕ್ಷರಗಳ ಪಾಠದ ದಿನ ಅಜ್ಜಿ ಇನ್ನೂ ಮುಂದೆ ಹೋದಳು.

"ನಾನು ಅನ್ನೋದಕ್ಕೆ ಇಂಗ್ಲಿಷಲ್ಲಿ ಯಾವಾಗ್ಲೂ ದೊಡ್ಡಕ್ಷರಾನಾ? ವಾಕ್ಯದ ಮಧ್ಯ ಕೂತಿದ್ರೂ?"

"ಹೌದು."

"ನೀನು ಅನ್ನೋದಕ್ಕೆ?"

"ಅದು ಸಣ್ಣದು."

"ದೇವರಿಗೆ?"

"ದೇವರಿಗೆ ದೊಡ್ಡದೇ."

"ಸದ್ಯ! ಮತ್ತೆ ಮ್ಯಾನೇಜರಿಗೆ?"

ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿದರು. "ಅದು... ಹೆಸರಿನ ಜೊತೆ ಬಂದ್ರೆ ದೊಡ್ಡದು. ಒಂಟಿಯಾಗಿ ಬಂದ್ರೆ ಸಣ್ಣದು."

"ನಾವೂ ಹಾಗೇ ಅಂದ್ಕೊಂಡಿದ್ವಿ," ಅಂದಳು ಅಜ್ಜಿ. ಗಂಟುಗಳ ಮೇಲೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು.

ಭಕ್ತರು ಜನ್ಮವಿಡೀ ತಗ್ಗಿಸಲು ಒದ್ದಾಡುವ ಆ 'ನಾನು' ಎಂಬುದನ್ನು ದೇವರ ಎತ್ತರಕ್ಕೇ ನಿಲ್ಲಿಸಿ ಬರೆಯುವುದು ಅಕ್ಕನಿಗೆ ಮುಜುಗರ ತಂದಿತು. ಮನಸ್ಸಿನಲ್ಲೇ ತಪ್ಪಾಯಿತೆಂದು ಕೇಳಿಕೊಂಡು ಬರೆದಳು. ಕಲಿಯಬೇಕಿತ್ತು, ಬೇರೆ ದಾರಿಯಿರಲಿಲ್ಲ. ಮೆಟ್ಟಿಲಿಳಿದರೆ ಮಂಡಿಗಳು ಎಷ್ಟು ದಿನ ತಾಳುತ್ತವೆಂದು ಅವಳಿಗೆ ಗೊತ್ತಿತ್ತು. ಅಡುಗೆ ಮಾಡುತ್ತ, ಪಾತ್ರೆ ಬೆಳಗುತ್ತ, "ದಿ ಶೀಟ್ ಈಸ್ ವೈಟ್, ಫುಲ್‌ಸ್ಟಾಪ್" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಲಾಂಡ್ರಿಯ ಗಾಡಿ ಓಡಿಸುತ್ತಿದ್ದ ಅವಳ ಗಂಡ, "ನಮ್ಮನೆಯಲ್ಲಿ ಈಗ ಸಾರಿಗೂ ಫುಲ್‌ಸ್ಟಾಪು, ಅನ್ನಕ್ಕೂ ಫುಲ್‌ಸ್ಟಾಪು," ಎಂದು ಗೊಣಗುತ್ತಿದ್ದ.

ಆ ಚುಕ್ಕೆ ಇಡುವುದರಲ್ಲಿ ಇಡೀ ಕೋಣೆಗೇ ಒಂದು ಚಾಳಿಯಿತ್ತು. ಕಾದ ಪೆಟ್ಟಿಗೆಯನ್ನು ಒಂದೇ ಕಡೆ ಊರಿದರೆ ಬಟ್ಟೆ ಸುಡುತ್ತದೆ. ವರ್ಷಗಟ್ಟಲೆ ಆ ಭಯದಲ್ಲಿ ಪಳಗಿದ ಕೈಗಳು ಪೆನ್ನಿನ ತುದಿಯನ್ನೂ ಕಾಗದಕ್ಕೆ ತಾಗಿತೋ ಇಲ್ಲವೋ ಎಂಬಂತೆ ಎತ್ತಿಬಿಡುತ್ತಿದ್ದವು. "ಒತ್ತಿ ಇಡಿ, ಕಾಗದ ಸುಡಲ್ಲ," ಎಂದು ಹೇಳಿ ಹೇಳಿ ಮೇಷ್ಟ್ರ ಗಂಟಲು ಒಣಗಿತು.

ಪರೀಕ್ಷೆ ಹತ್ತಿರ ಬಂದಾಗ ಪಿಸುಮಾತು ಶುರುವಾಯಿತು. ಅತ್ತಿಗೆಗೆ ಮೈದುನನೇ ಮಾರ್ಕು ಹಾಕುವುದೆಂದರೆ ಏನು ಕಥೆ? ಪ್ರಶ್ನೆಪತ್ರಿಕೆ ಅವರ ಮನೆಯ ಒಲೆಯ ಮೇಲೇ ಬೇಯುತ್ತಿದೆಯಂತೆ. ಮಾತು ಮ್ಯಾನೇಜರ ಕಿವಿಗೂ ಬಿತ್ತು. ಅವರು ಜಾಗ್ರತೆಯ ಮನುಷ್ಯ. ಪ್ರಶ್ನೆಗಳನ್ನು ತಾವೇ ಆರಿಸಿದರು. ಪತ್ರಿಕೆಯ ಮೇಲೆ ಹೆಸರು ಬೇಡ, ಬರೀ ನಂಬರು. ಯಾವ ನಂಬರು ಯಾರದೆಂಬುದು ತಮ್ಮ ಬೀರುವಿನಲ್ಲಿ. ಕೈಬರಹ ಗುರುತು ಸಿಕ್ಕೀತೆಂಬ ಅನುಮಾನವೂ ಇರಲಿಲ್ಲ. ಎಲ್ಲರೂ ಮೇಷ್ಟ್ರು ಬರೆದುಕೊಟ್ಟ ಅಕ್ಷರಗಳ ಮೇಲೇ ತೀಡಿ ಕಲಿತವರಾದ್ದರಿಂದ ಇಡೀ ಕೋಣೆಯ ಬರಹ ಒಂದೇ ತಾಯಿಯ ಮಕ್ಕಳಂತಿತ್ತು. "ಬರೆದಾದ ಮೇಲೆ ಮಡಿಸಿ ಈ ದಿಂಬಿನ ಚೀಲಕ್ಕೆ ಹಾಕಿ. ಯಾರದು ಯಾವುದು ಅಂತ ದೇವರಿಗೂ ಗೊತ್ತಾಗಬಾರದು," ಎಂದರು ಮ್ಯಾನೇಜರ್. ದೇವರ ವಿಷಯದಲ್ಲಿ ಅವರು ಅಷ್ಟು ಧೈರ್ಯ ಮಾಡಬಾರದಿತ್ತು.

ಆ ಮೋಡದ ಬೆಳಗಿನಲ್ಲಿ ಎಲ್ಲರೂ ಬರೆದರು, ಮಡಿಸಿದರು, ಹಾಕಿದರು.

ಸಂಜೆ ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲಿ ಕೂತು ತಿದ್ದತೊಡಗಿದರು. ಒಳ್ಳೆಯ ಮನಸ್ಸಿನಿಂದಲೇ ತಿದ್ದುತ್ತಿದ್ದರು. ಚುಕ್ಕೆಗಳು ಮಸುಕಾಗಿದ್ದಲ್ಲೆಲ್ಲ ಭೂತಗನ್ನಡಿ ಹಿಡಿದು ಹುಡುಕಿ, ನೊಣ ಕೂತೆದ್ದು ಹೋದ ಗುರುತನ್ನೂ ಪೂರ್ಣವಿರಾಮವೆಂದೇ ಒಪ್ಪಿಕೊಂಡು ಮಾರ್ಕು ಹಾಕಿದರು. ಪಾಪದ ಜನ, ಇಡೀ ದಿನ ಬಿಸಿಯಲ್ಲಿ ಬೇಯುವವರು ಎಂಬ ಕರುಣೆ ಅವರಲ್ಲಿತ್ತು. ಅರ್ಧ ಚೀಲ ಮುಗಿದಿತ್ತು. ಕೈ ಹಾಕಿ ಇನ್ನೊಂದು ಪತ್ರಿಕೆ ತೆಗೆದರು. ತೆಗೆದವರು ಹಾಗೇ ಹಿಡಿದುಕೊಂಡು ಕೂತರು.

ಎರಡೂ ಬದಿಯಿಂದ ಒಳಕ್ಕೆ ತಿರುವಿ, ಅಂಚನ್ನು ಉಗುರಿನಗಲದಷ್ಟು ಹಿಂದೆ ಸರಿಸಿ, ಆಮೇಲೆ ನಡುವಿಗೆ ಮಡಿಸಿದ್ದ ಕಾಗದ. ಅಂಚಿನ ಮೇಲೆ ಅಂಚು ಕೂತರೆ ಮಡಿಕೆ ಉಬ್ಬುತ್ತದೆ, ಅದಕ್ಕೇ ಆ ಉಗುರಿನಗಲ. ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಮೇಷ್ಟ್ರು ಪ್ರತಿ ಬೆಳಗ್ಗೆ ಬಿಡಿಸಿ ತೊಟ್ಟ ಅಂಗಿಗಳೆಲ್ಲ ಇದೇ ಮಡಿಕೆಯಲ್ಲಿರುತ್ತಿದ್ದವು. ಲೋಕದಲ್ಲಿ ಹೀಗೆ ಮಡಿಸುವವಳು ಒಬ್ಬಳೇ. ಹೆಸರು ಮುಚ್ಚಿದ್ದರು, ಬರಹ ಒಂದಾಗಿತ್ತು. ಮಡಿಸುವುದೇ ಕಸುಬಾದವರ ಕೈಗೆ ಕಾಗದ ಕೊಟ್ಟು ಮಡಿಸಿ ಎಂದರೆ ಏನಾದೀತೆಂದು ಮಾತ್ರ ಜಾಗ್ರತೆಯ ಮನುಷ್ಯನಿಗೂ ಹೊಳೆದಿರಲಿಲ್ಲ.

ಒಳಗಿನಿಂದ ಅಕ್ಕ ಕೂಗಿದಳು. "ಕಾಫಿ ಅಲ್ಲೇ ತಂದ್ಕೊಡ್ಲಾ?"

"ಬೇಡ! ಒಳಗೇ ಇರಿ ಅತ್ತಿಗೆ," ಎಂದರು ಮೇಷ್ಟ್ರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ.

ಆ ಕ್ಷಣದಿಂದ ಅವರಿಗೆ ಪತ್ರಿಕೆ ಕಾಣಲಿಲ್ಲ, ಪಿಸುಮಾತುಗಳೇ ಕಂಡವು. ಭೂತಗನ್ನಡಿಯನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು. ಅತ್ತಿಗೆ ಎಂದು ಬಿಟ್ಟುಕೊಟ್ಟೆನೆಂದು ನಾಳೆ ಯಾರೂ ಅನ್ನಬಾರದು, ತನ್ನ ಮನಸ್ಸೂ ಅನ್ನಬಾರದು. ಬರಿಗಣ್ಣಿಗೆ ಕಾಣದ ಚುಕ್ಕೆ ಚುಕ್ಕೆಯೇ ಅಲ್ಲ. ಒಂದೊಂದು ವಾಕ್ಯದ ಕೊನೆಗೂ ಕೆಂಪು ಗೀಟು ಬಿತ್ತು. ಪಾಸಿಗೆ ಬೇಕಾದದ್ದು ನಲವತ್ತು. ಅಕ್ಕನಿಗೆ ಬಂದದ್ದು ಮೂವತ್ತಾರು. ಕೂಡಿಸಿ ಬರೆದಾಗ ಮೇಷ್ಟ್ರಿಗೆ ತಾವು ಹರಿಶ್ಚಂದ್ರನ ಪಕ್ಕದ ಮನೆಯವರೇ ಎನ್ನಿಸಿತು. ಎದೆಯಲ್ಲೇನೋ ಚುಚ್ಚಿದಂತಾಯಿತು. ಅದನ್ನು ಅವರು ಕರ್ತವ್ಯದ ಭಾರ ಎಂದುಕೊಂಡರು. ಉಳಿದ ಪತ್ರಿಕೆಗಳಿಗೆ ಭೂತಗನ್ನಡಿ ಮತ್ತೆ ಖಾನೆಯಿಂದ ಹೊರಬಂತು.

ಮರುದಿನ ಫಲಿತಾಂಶ ಗೋಡೆಗೆ ಬಂತು. ಚೀಲಗಳಿಗೆ ಚೀಟಿ ಕಟ್ಟುವ ಹುಡುಗಿಗೆ ಎಲ್ಲರಿಗಿಂತ ಹೆಚ್ಚು, ಕೋಣೆ ಇನ್ನು ಅವಳ ವಶ. ಅಕ್ಕ ಸೋಮವಾರದಿಂದ ಕೆಳಗೆ. ಇಸ್ತ್ರಿ ಕೋಣೆಯಲ್ಲಿ ಫೇಲಾದವಳು ಅವಳೊಬ್ಬಳೇ.

ಮ್ಯಾನೇಜರ್ ಮೇಷ್ಟ್ರ ಬೆನ್ನು ತಟ್ಟಿದರು. "ಮನೆಯವರನ್ನೇ ಫೇಲ್ ಮಾಡೋ ಗಂಡೆದೆ ಎಷ್ಟು ಜನಕ್ಕಿದೆ ಹೇಳಿ? ನಿಮ್ಮನ್ನ ಬಿಡಲ್ಲ ಮೇಷ್ಟ್ರೇ. ನಮ್ಮ ಎಲ್ಲ ಶಾಖೆಗಳಿಗೂ ಪಾಠ ಮಾಡಬೇಕು. ಖಾಯಂ ಮಾಡ್ತೀನಿ." ಇಷ್ಟು ವರ್ಷ ನ್ಯಾಯವಾಗಿ ದುಡಿದಾಗ ಸಿಗದ ಪದ ಅದು. ನಿನ್ನೆ ಪಿಸುಗುಟ್ಟಿದವರೇ ಇಂದು, "ಮೈದುನ ಅಂದ್ರೆ ಹೀಗಿರಬೇಕು, ತಕ್ಕಡಿ ಹಿಡಿದ ಹಾಗೆ," ಎಂದು ಹೊಗಳಿದರು. ಹೊಗಳಿಕೆ ಕೇಳಲು ಹಿತವಾಗಿತ್ತು, ಗಂಜಿಯಜ್ಜಿ ಬರುವವರೆಗೆ.

"ಮೇಷ್ಟ್ರೇ, ನಂಗೆ ಕಣ್ಣೇ ಸರಿಯಾಗಿ ಕಾಣಲ್ಲ. ಚುಕ್ಕೆ ಎಲ್ಲಿಟ್ಟೆ ಅಂತ ನಂಗೇ ಗೊತ್ತಿಲ್ಲ. ನೀವು ಅದನ್ನೂ ಹುಡುಕಿ ಪಾಸು ಮಾಡಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದಳು ಅಜ್ಜಿ. "ಅಲ್ಲಾ, ನಂಗೆ ಚುಕ್ಕೆ ಹೇಳ್ಕೊಟ್ಟವಳ ಚುಕ್ಕೇನೇ ನಿಮಗೆ ಸಿಗ್ಲಿಲ್ವಾ?"

ಮೇಷ್ಟ್ರು ತಿರುಗಿ ಹಲಗೆ ಒರೆಸಿದರು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

 ಚೀಟಿಯ ಹುಡುಗಿ ಕಣ್ಣು ತುಂಬಿಕೊಂಡು, "ಅಕ್ಕ, ನೀವು ಇಳಿದು ಹೋದ್ರೆ ನಾನು ಯಾರನ್ನ ಕೇಳ್ಲಿ? ರೇಷ್ಮೆಗೂ ಹತ್ತಿಗೂ ನಂಗೆ ವ್ಯತ್ಯಾಸಾನೇ ಗೊತ್ತಾಗಲ್ಲ," ಅಂದಾಗ, "ಮೆಟ್ಟಿಲು ಹತ್ತಿರಾನೇ ಇದೆಯಲ್ಲೇ, ಒಂದು ಕೂಗು ಹಾಕು," ಎಂದು ಅಕ್ಕ ಅವಳ ತಲೆ ಸವರಿದಳು.

ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದರು. ಅಕ್ಕ ಮೈದುನನ ತಟ್ಟೆಗೆ ಬಡಿಸುತ್ತ ಕೇಳಿದಳು. "ನನ್ನ ಪೇಪರು ಸ್ವಲ್ಪ ತೋರಿಸೋ. ಎಲ್ಲಿ ತಪ್ಪಾಯ್ತು ಅಂತ ನೋಡ್ಕೊಳ್ತೀನಿ. ಮುಂದಿನ ಸಲಕ್ಕಾದ್ರೂ ಕಲೀತೀನಿ."

ತೋರಿಸದೆ ವಿಧಿಯಿರಲಿಲ್ಲ. ಅವಳು ಕೈ ಒರೆಸಿಕೊಂಡು, ದೀಪದ ಕೆಳಗೆ ಪತ್ರಿಕೆ ಹಿಡಿದು, ಕೆಂಪು ಗೀಟುಗಳ ಮೇಲೆ ಬೆರಳಾಡಿಸಿದಳು.

"ಇಲ್ಲಿ ಚುಕ್ಕೆ ಇಲ್ಲ ಅಂತ ಬರ್ದಿದೀಯಲ್ಲ?"

"ಕಾಣಲಿಲ್ಲ ಅತ್ತಿಗೆ."

"ಇದೆಯಲ್ಲೋ. ಇಲ್ಲೂ ಇದೆ. ನೋಡು, ಇಲ್ಲೂ ಇದೆ. ಎಲ್ಲ ಕಡೆ ಇಟ್ಟಿದೀನಿ, ಮೆತ್ತಗೆ." ಆಮೇಲೆ ಅವಳು ಪತ್ರಿಕೆ ಬಿಟ್ಟು ಅವನ ಮುಖ ನೋಡಿದಳು. "ನಿನ್ನ ಕಣ್ಣು ತೋರಿಸ್ಕೊಂಡು ಎಷ್ಟು ದಿನ ಆಯ್ತು? ಚಿಕ್ಕವನಿದ್ದಾಗಿಂದ ಹೇಳ್ತಿದೀನಿ, ಮಬ್ಬಲ್ಲಿ ಓದ್ಬೇಡ ಅಂತ. ನಾಳೇನೇ ಡಾಕ್ಟರ ಹತ್ರ ಹೋಗು. ಮೇಷ್ಟ್ರಾಗಿ ಕಣ್ಣು ಹಾಳು ಮಾಡ್ಕೊಂಡ್ರೆ ಜೀವನ ಹ್ಯಾಗೋ?"

"ಅವನ ಕಣ್ಣಿಗೇನು ಬಂದಿದೆ ದಾಡಿ," ಎಂದ ಅಣ್ಣ, ತಟ್ಟೆಯಿಂದ ತಲೆಯೆತ್ತದೆ. "ಮೂರನೇ ಬೀದಿಯಲ್ಲಿ ಹೋಗೋ ಬಸ್ಸಿನ ಬೋರ್ಡು ಓದ್ತಾನೆ."

"ನೀವು ಸುಮ್ನಿರಿ. ಹತ್ತಿರದ್ದು ಕಾಣದ ರೋಗಾನೂ ಇರುತ್ತಂತೆ."

ಅವಳು ಕಣ್ಣಿನ ವಿಷಯವನ್ನೇ ಹೇಳಿದಳೋ, ಬೇರೆ ಏನನ್ನಾದರೂ ಹೇಳಿದಳೋ, ದೇವರೇ ಬಲ್ಲ. ಮುಖದಲ್ಲಿ ಇದ್ದದ್ದು ಚಿಂತೆಯೊಂದೇ. ಬೈದಿದ್ದರೆ ಮೇಷ್ಟ್ರು ತಮ್ಮ ನಿಷ್ಠುರತೆಯ ಹಿಂದೆ ಅಡಗಿಕೊಳ್ಳಬಹುದಿತ್ತು. ಅತ್ತಿದ್ದರೆ ಸಮಾಧಾನ ಹೇಳಿ ದೊಡ್ಡವರಾಗಬಹುದಿತ್ತು. ಕಣ್ಣಿಗೆ ಔಷಧಿ ಹಾಕಿಸಿಕೋ ಎಂದವಳ ಮುಂದೆ ಏನು ಮಾಡುವುದು? ಅಷ್ಟರಲ್ಲಿ ಅವಳು ಮತ್ತೆ ಸೌಟೆತ್ತಿದಳು. ದೇವರು ಕೆಲವರನ್ನು ಗುಡುಗಿನಿಂದ ಎಬ್ಬಿಸುತ್ತಾನೆ, ಕೆಲವರನ್ನು ಇನ್ನೊಂದು ಸೌಟು ಸಾರು ಬಡಿಸಿಯೇ ಎಬ್ಬಿಸುತ್ತಾನೆ.

ಬೆಳಗಾದದ್ದೇ ಮೇಷ್ಟ್ರು ಮ್ಯಾನೇಜರ ಕೋಣೆಯಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಗಂಜಿಯಜ್ಜಿಯಂಥ ನಾಲ್ಕಾರು ಪಾಸಾದವರ ಪತ್ರಿಕೆ, ಇನ್ನೊಂದು ಕೈಯಲ್ಲಿ ಅಕ್ಕನದು. ಭೂತಗನ್ನಡಿಯೂ ಜೊತೆಗಿತ್ತು.

"ಇದು ಯಾರ ಪೇಪರು ಅಂತ ನಂಗೆ ತಿದ್ದುವಾಗಲೇ ಗೊತ್ತಿತ್ತು ಸರ್."

"ಹೇಗೆ? ಹೆಸರಿಲ್ಲ, ನಂಬರು ನನ್ನ ಬೀರುವಲ್ಲಿದೆ."

"ಮಡಿಕೆ ನೋಡಿ ಗೊತ್ತಾಯ್ತು."

ಮ್ಯಾನೇಜರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಗೊತ್ತಾಗಿ? ಮಾರ್ಕು ಜಾಸ್ತಿ ಕೊಟ್ರಾ?"

"ಇಲ್ಲ. ಕಡಿಮೆ ಕೊಟ್ಟೆ."

ಮ್ಯಾನೇಜರಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. "ನೋಡಿ ಮೇಷ್ಟ್ರೇ, ಮೋಸ ಮಾಡೋದಕ್ಕೂ ಒಂದು ರೀತಿ ಇದೆ. ನಮ್ಮವರಿಗೆ ಜಾಸ್ತಿ ಕೊಟ್ರೆ ಮೋಸ. ಕಡಿಮೆ ಕೊಟ್ರೆ ಅದನ್ನ ಶಿಸ್ತು ಅಂತಾರೆ."

"ಎಲ್ಲರಿಗೂ ಗಾಜು ಹಿಡಿದು ನೋಡಿದೆ. ಇವರೊಬ್ಬರಿಗೆ ಹಿಡೀಲಿಲ್ಲ. ನೀವೇ ನೋಡಿ."

ಮ್ಯಾನೇಜರ್ ನೋಡಿದರು. ಪತ್ರಿಕೆಯಿಂದ ಪತ್ರಿಕೆಗೆ ಗಾಜು ಸರಿಯಿತು. ಎಲ್ಲದರಲ್ಲೂ ಅದೇ ಮೆತ್ತನೆಯ ಚುಕ್ಕೆ, ಒಂದರಲ್ಲಿ ಹೆಚ್ಚಿಲ್ಲ, ಒಂದರಲ್ಲಿ ಕಡಿಮೆಯಿಲ್ಲ. ಅವರು ಗಾಜನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು.

"ಈಗ ತಿದ್ದಿದ್ರೆ ಜನ ಏನಂತಾರೆ ಗೊತ್ತಾ? ಅತ್ತಿಗೆ ಮನೇಲಿ ಅತ್ತರು, ಮೈದುನ ಕರಗಿದ ಅಂತಾರೆ. ನಿಮ್ಮ ತಕ್ಕಡಿ ಅಲ್ಲಿಗೆ ಮುಗೀತು."

"ಅನ್ನಲಿ ಸರ್."

"ನಂಬಿಕೆ ಹೋದ ಮೇಲೆ ಖಾಯಂ ಮಾಡೋಕೆ ನನ್ನಿಂದಾಗಲ್ಲ. ನಾಳೆಯಿಂದ ಪಾಠಾನೂ ಬೇಡ."

"ಸರಿ ಸರ್."

ಮೇಷ್ಟ್ರು ತಮ್ಮವಳಿಗೆ ಅನ್ಯಾಯ ಮಾಡಿದಾಗ ಕೆಲಸ ಕೊಟ್ಟ ಮನುಷ್ಯ, ಅದನ್ನು ತಿದ್ದಿಕೊಂಡಾಗ ಕಿತ್ತುಕೊಂಡರು. ಅವರನ್ನು ದೂರುವಂತಿಲ್ಲ, ಅವರು ಲೋಕದ ವ್ಯಾಕರಣದಂತೆ ನಡೆದರು. ಹೊಸ ನೋಟೀಸು ಬರೆದರು. ಎಲ್ಲ ದೊಡ್ಡಕ್ಷರಗಳೇ, ಆಶ್ಚರ್ಯದ ಚಿಹ್ನೆ ಮಾತ್ರ ಮೂರರ ಬದಲು ಎರಡಿತ್ತು. ಉತ್ಸಾಹ ಅಷ್ಟು ಇಳಿದಿತ್ತು. ಅಕ್ಕ ಪಾಸು, ಕೋಣೆ ಅವಳ ವಶದಲ್ಲೇ, ಚೀಟಿಯ ಹುಡುಗಿ ವರದಿಗೆ ಸಹಾಯಕಿ.

ಮೇಷ್ಟ್ರು ಅಲ್ಲೇ ಮೇಜಿನ ತುದಿಯಲ್ಲಿ ಪತ್ರಿಕೆಯಿಟ್ಟು ಕೆಂಪು ಗೀಟುಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಮೊತ್ತ ತಿದ್ದಿ, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಎಲ್ಲಿಯೂ ಆತುರ ಮಾಡಲಿಲ್ಲ.

ಇಸ್ತ್ರಿ ಕೋಣೆಯಲ್ಲಿ ಕೆಲಸ ಜೋರಾಗಿ ನಡೆದಿತ್ತು. ಎರಡು ದಿನದ ಬಟ್ಟೆ ಒಟ್ಟಿಗೇ ಒಣಗಿ ಇಳಿದಿತ್ತು. ಹಬೆಯ ನಡುವೆ ಗಂಜಿಯಜ್ಜಿ ಯಾರನ್ನೋ ರೇಗಿಸುತ್ತಿದ್ದಳು, ಯಾರೋ ನಗುತ್ತಿದ್ದರು. ಅಕ್ಕ ಅಡುಗೆಯವನ ಬಿಳಿ ಕೋಟಿನ ತೋಳು ತೀಡುತ್ತಿದ್ದಳು. ಸೋಮವಾರ ಇಳಿದು ಹೋಗಬೇಕಾದವಳಾದರೂ ಅವಳ ಕೈ ಎಲ್ಲೂ ಅವಸರಪಡುತ್ತಿರಲಿಲ್ಲ.

ಮೈದುನ ಬಂದು ಪಕ್ಕದಲ್ಲಿ ನಿಂತದ್ದನ್ನು ನೋಡಿ, "ಡಾಕ್ಟರ ಹತ್ರ ಹೋಗಿದ್ಯಾ?" ಎಂದು ಮೆಲ್ಲನೆ ಕೇಳಿದಳು.

ಅವನು ಹೌದೆನ್ನುವಂತೆ ತಲೆಯಾಡಿಸಿ, ಎರಡೂ ಕೈಗಳಿಂದ ತಿದ್ದಿದ ಪತ್ರಿಕೆಯನ್ನು ಅವಳ ಕೈಗೆ ಕೊಟ್ಟ.